ಕೂಗು ಮೊದಲು, ಗೋಲು ಆಮೇಲೆ

ನಾಪೋಕ್ಲು
ಮೇ 12, 2024

ಪ್ರೀತಿಯ ಚಿಣ್ಣ,

ಅಪ್ಪ ಹಾಕಿ ಪಂದ್ಯ ಹೇಗೆ ನೋಡಿದರು ಅಂತ ಮೊನ್ನೆ ನೀನು ಫೋನಿನಲ್ಲಿ ಕೇಳಿದೆ. ಗಡಿಬಿಡಿಯಲ್ಲಿ "ಚೆನ್ನಾಗಿ ನೋಡಿದರು" ಅಂದುಬಿಟ್ಟೆ. ಅಷ್ಟಕ್ಕೇ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ಮಾತು ಕೊಡವ ತಕ್ಕಿನಲ್ಲಿ, ಕಾಗದ ಕನ್ನಡದಲ್ಲಿ. ಅವ್ವ ಹಾಕಿಕೊಟ್ಟ ರೂಢಿ, ಬಿಡಲು ಮನಸ್ಸಿಲ್ಲ.

ಅಪ್ಪ ಈಗ ಕೈಯಾಲೆ ಜಗಲಿಯ ಮಂಚ ಬಿಟ್ಟು ಹೆಚ್ಚು ಏಳುವುದಿಲ್ಲ. ಗದ್ದೆ ದಾಟಿದರೆ ಮೈದಾನ. ಆದರೂ ಈ ಸಲ ಅವರಿಗೆ ಅದು ಪರವೂರೇ ಆಗಿಬಿಟ್ಟಿತ್ತು. ನಮ್ಮ ಒಕ್ಕದ, ಅಂದರೆ ನಮ್ಮ ಮನೆತನದ, ಪಂದ್ಯದ ದಿನ ಯೂಟ್ಯೂಬಿನ ನೇರಪ್ರಸಾರ ಹಚ್ಚಿ ಮೊಬೈಲನ್ನು ದಿಂಬಿಗೆ ಒರಗಿಸಿಟ್ಟು ಪಕ್ಕದಲ್ಲಿ ಕೂತೆ. ತೆರೆಯ ಮೇಲೆ ಚೆಂಡು ಇನ್ನೂ ನಡುಗೆರೆಯ ಹತ್ತಿರ ಇತ್ತು. ಅಷ್ಟರಲ್ಲಿ ಗದ್ದೆಯಾಚೆಯಿಂದ ಕೂಗೆದ್ದಿತು. ಅಪ್ಪ ಕೈ ಎತ್ತಿ, "ಗೋಲಾಯಿತು, ಈಗ ನೋಡು" ಅಂದರು. ಯಾರ ಗೋಲು ಅಂತ ಕೇಳಿದೆ. "ನಮ್ಮವರ ಕೂಗು ನನಗೆ ಗೊತ್ತಾಗುವುದಿಲ್ಲವಾ?" ಅಂದರು. ಅರ್ಧ ನಿಮಿಷ ಉಸಿರು ಹಿಡಿದು ಕೂತೆವು. ಆಮೇಲೆ ಬಲಗಡೆಯಿಂದ ನಮ್ಮ ಹುಡುಗ ನುಗ್ಗಿ ಬಂದ, ಕೋಲು ಬೀಸಿದ, ಚೆಂಡು ಹಲಗೆಗೆ ಬಡಿಯಿತು. ಅಪ್ಪನ ಕಣ್ಣು ತುಂಬಿತ್ತು. ಆಗಲೇ ಗೊತ್ತಿದ್ದ ಗೋಲಿಗೆ ಹಾಗೆ ಕಣ್ಣು ತುಂಬಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಕ್ಯಾಮೆರಾ ಹಿಡಿದ ಚಿತ್ರವನ್ನು ಅಡಕ ಮಾಡಿ, ತುಂಡು ತುಂಡಾಗಿ ಯೂಟ್ಯೂಬಿನ ಸರ್ವರಿಗೆ ಕಳಿಸಿ, ಅಲ್ಲಿಂದ ನಮ್ಮ ಫೋನಿಗೆ ಇಳಿಸುವುದಕ್ಕೆ ಆ ಅರ್ಧ ನಿಮಿಷ ಹಿಡಿಯುತ್ತದಂತೆ. ಮಸ್ಕತ್ತಿನಲ್ಲಿ ಕೂತ ನಿನಗೂ ಹೆಚ್ಚುಕಮ್ಮಿ ಅಷ್ಟೇ ತಡ, ಗದ್ದೆಯಾಚೆ ಮಲಗಿದ ಅಪ್ಪನಿಗೂ ಅಷ್ಟೇ ತಡ.

ಆ ಅರ್ಧ ನಿಮಿಷದಲ್ಲಿ ನನಗೆ 1988ರ ಸೋಲ್ ಒಲಿಂಪಿಕ್ಸ್ ನೆನಪಾಯಿತು. ನಮ್ಮ ಕೊಡಗಿನ ಎಂ.ಎಂ. ಸೋಮಯ್ಯನವರು ಭಾರತದ ಕ್ಯಾಪ್ಟನ್. ಮನೆಗೆ ಆಗಷ್ಟೇ ಕಪ್ಪು ಬಿಳುಪು ಟಿವಿ ಬಂದಿತ್ತು, ಬಾಗಿಲು ಸರಿಸುವ ಮರದ ಪೆಟ್ಟಿಗೆಯದ್ದು. ನೀನು ಹಲಸಿನ ಮರದ ಪಕ್ಕ ನೆಟ್ಟ ಬಿದಿರಿನ ಗಳುವನ್ನು ಹಿಡಿದು ಆಂಟೆನಾ ತಿರುಗಿಸಬೇಕು, ನಾನು ಕಿಟಕಿಯಲ್ಲಿ ನಿಂತು "ಬಂತು, ಬಂತು, ಹೋಯಿತು" ಅಂತ ಕೂಗಬೇಕು. ಎರಡು ಗುಡ್ಡದ ನಡುವಿನ ಮನೆ. ಆ ಅಲೆಗಳು ನೇರ ಬರುವಂಥವು, ಬೆಟ್ಟ ಅಡ್ಡ ಬಂದರೆ ಅಲ್ಲಿಗೇ ನಿಂತವು. ಕೈಯಾಲೆ ತುಂಬ ಜನ, ಲೈನ್ ಮನೆಗಳಿಂದ ಬಂದವರು ಅಂಗಳದ ತನಕ. ಬಿಳಿ ಚೆಂಡು, ತೆರೆಯ ತುಂಬ ಬಿಳಿ ಚುಕ್ಕೆ. ಚೆಂಡು ಯಾವುದು, ಚುಕ್ಕೆ ಯಾವುದು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಆಟಗಾರರು ಎತ್ತ ಓಡಿದರೋ ಚೆಂಡು ಅತ್ತ ಅಂತ ನಾವು ಆಟ ನೋಡಿದ್ದು. ಆ ಸಲ ಭಾರತಕ್ಕೆ ಸಿಕ್ಕಿದ್ದು 6ನೇ ಸ್ಥಾನ. ಅಪ್ಪ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ನಿನಗೆ ಗಳು ಹಿಡಿದದ್ದೇ ನೆನಪಿರಬಹುದು, ಆಟದ ಒಂದು ತುಣುಕೂ ನಿನ್ನ ಕಣ್ಣಿಗೆ ಬೀಳಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ಅದಕ್ಕೂ ಮೊದಲಿನದು ಅಪ್ಪನ ಕಥೆ. 1975ರ ಮಾರ್ಚಿನಲ್ಲಿ ಕೌಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಇಲ್ಲಿ ಇದ್ದದ್ದು ರೇಡಿಯೋ ಒಂದೇ. ತಂಡದಲ್ಲಿ ನಮ್ಮವರೇ ಆದ ಬಿ.ಪಿ. ಗೋವಿಂದ ಇದ್ದರು. ಅರ್ಥವಾಗದ ಹಿಂದಿಯ ನಡುವೆ ಅವರ ಹೆಸರೊಂದು ಬಂದರೆ ಸಾಕು, ಮನೆಯೆಲ್ಲ ಎದ್ದು ನಿಲ್ಲುತ್ತಿತ್ತಂತೆ.

ಆಮೇಲೆ ಕೇಬಲ್ ಬಂತು, ಬಣ್ಣ ಬಂತು, ಮಾಡಿನ ಮೇಲೆ ಪುಟ್ಟ ತಟ್ಟೆಯಂಥ ಡಿಶ್ ಬಂತು. ನಮ್ಮ ಮಳೆಗೆ ಆ ತಟ್ಟೆ ಜಗ್ಗುವುದಿಲ್ಲ ಅಂತ ಅಂಗಡಿಯವನು ಹೇಳಿದ್ದು ನಿಜವಾಗಲಿಲ್ಲ. ಉಪಗ್ರಹದಿಂದ ಬರುವ ಆ ಸಣ್ಣ ಅಲೆಗಳನ್ನು ದಪ್ಪ ಮಳೆಹನಿ ನುಂಗಿಬಿಡುತ್ತದೆ. 2021ರ ಆಗಸ್ಟ್ 5ರ ಬೆಳಿಗ್ಗೆ ನೆನಪಿದೆಯಲ್ಲ? ಟೋಕಿಯೋದಲ್ಲಿ ಕಂಚಿನ ಪದಕಕ್ಕೆ ಜರ್ಮನಿಯ ಮೇಲೆ ಆಟ, ಇಲ್ಲಿ ಕೊಡ ಕವುಚಿದಂತೆ ಮಳೆ. 5-4 ಆಗಿದ್ದಾಗ ತೆರೆ ಕಪ್ಪಾಯಿತು. ನಿನಗೆ ಫೋನ್ ಮಾಡಿದೆ. ಕೊನೆಯ ಸೆಕೆಂಡುಗಳ ಆ ಪೆನಾಲ್ಟಿ ಕಾರ್ನರನ್ನು ಶ್ರೀಜೇಶ್ ತಡೆದದ್ದನ್ನು ನೀನು ಮಸ್ಕತ್ತಿನಿಂದ ನಮ್ಮ ತಕ್ಕಿನಲ್ಲೇ ಹೇಳಿದೆ. ಅಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದು, "ಥೇಟ್ 75ರ ಹಾಗೇ" ಅಂದರು.

ಆದರೆ ಈ ಸಲದ್ದು ಬೇರೆಯೇ. ಇಷ್ಟು ವರ್ಷ ಆಟ ಎಲ್ಲೋ ನಡೆಯುತ್ತಿತ್ತು, ನಾವು ಅದಕ್ಕೆ ಗಳು ನೆಟ್ಟು, ತಟ್ಟೆ ತಿರುಗಿಸಿ ಕಾಯುತ್ತಿದ್ದೆವು. ಕೌಲಾಲಂಪುರದ್ದು, ಸೋಲ್‌ದು, ಟೋಕಿಯೋದ್ದು ಕೊಡಗಿಗೆ ಬರಬೇಕಿತ್ತು. ಈಗ ನಮ್ಮ ನಾಪೋಕ್ಲುವಿನ ಮೈದಾನ ಹೊರಗೆ ಹೋಗುತ್ತಿದೆ. ಈ ಸಲದ ಹಾಕಿ ಹಬ್ಬದಲ್ಲಿ 360 ಒಕ್ಕ ಆಡಿದ ಕುಂಡ್ಯೋಳಂಡ ಕಪ್ಪಿನ ಆಟಗಳನ್ನು, ಗಂಡಸರ ಜೊತೆ ಹೆಣ್ಣುಮಕ್ಕಳೂ ಕೋಲು ಹಿಡಿದು ಓಡುವುದನ್ನು, ಯಾವ ದೊಡ್ಡ ಚಾನೆಲ್ ದಿನವಿಡೀ ತೋರಿಸುತ್ತಿತ್ತು? ನಮ್ಮ ಒಕ್ಕದ ಹೆಸರನ್ನು ತಪ್ಪಿಲ್ಲದೆ, ನಮ್ಮ ತಕ್ಕಿನ ಕಾಮೆಂಟರಿಯಲ್ಲಿ, ಅಷ್ಟು ದೂರದಲ್ಲಿ ಕೂತು ನೀನು ಕೇಳಿದೆ. ಟಿವಿ ಬಂದು ಜನರನ್ನು ಮನೆಯೊಳಗೆ ಕೂಡಿಹಾಕಿತು ಅನ್ನುವವರಿದ್ದಾರೆ. ಕೈಯಾಲೆಯಲ್ಲಿ ಆ ಜನಜಂಗುಳಿ ಈಗಿಲ್ಲ ಅನ್ನುವುದು ನನಗೂ ನೋವೇ. ಆದರೆ ಮಂಚ ಹಿಡಿದ ಅಪ್ಪನಿಗೆ ಅವರ ಆಟವನ್ನು ತಂದುಕೊಟ್ಟದ್ದು ಈ ಅಂಗೈಯಗಲದ ತೆರೆಯೇ. ಅದನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ.

ಒಂದೇ ಒಂದು ಕೊರತೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಒಕ್ಕಗಳನ್ನು ಸೇರಿಸಿ ಈ ಹಾಕಿ ನಮ್ಮೆ, ಅಂದರೆ ಈ ಹಬ್ಬ, ಶುರುಮಾಡಿದಾಗ ಅಪ್ಪನೂ ಆಡಿದ್ದರು. ಅವ್ವ ಏರಿಯ ಮೇಲೆ ಕೂತು ನೋಡಿದ್ದಳು. ಆ ದಿನದ್ದು ನಮ್ಮಲ್ಲಿ ಉಳಿದಿರುವುದು ಅಂಚು ಹಳದಿಯಾದ ಒಂದು ಫೋಟೋ. ಅಪ್ಪ ಓಡುತ್ತಿದ್ದದ್ದು ಹೇಗೆ ಅಂತ ಹೇಳಲು ಈಗ ಅವ್ವನೂ ಇಲ್ಲ.

ಅದಕ್ಕೇ ಒಂದು ಕೆಲಸ ಹೇಳುತ್ತೇನೆ. ಈ ಸಲದ ನಮ್ಮ ಪಂದ್ಯ ಇನ್ನೂ ಯೂಟ್ಯೂಬಿನಲ್ಲಿದೆ. ಬೇರೆಯವರ ಚಾನೆಲ್ಲು, ಎಷ್ಟು ದಿನ ಇಟ್ಟಾರು ಹೇಳಲಾಗದು. ಅವರನ್ನು ಒಂದು ಮಾತು ಕೇಳಿ, ಪೂರ್ತಿ ಇಳಿಸಿ, ಎರಡು ಕಡೆ ಕಾಪಿ ಮಾಡಿಡು. ನಾನು ಈ ವಾರವೇ ಅಪ್ಪನನ್ನು ಕೂರಿಸಿಕೊಂಡು 1997ರ ಆಟವನ್ನು ಅವರ ಬಾಯಲ್ಲೇ ಹೇಳಿಸಿ ಫೋನಿನಲ್ಲಿ ಹಿಡಿಯುತ್ತೇನೆ. ಎರಡನ್ನೂ ಒಟ್ಟಿಗೆ ಇಡು.

ನಿನ್ನ ಅಕ್ಕ