ಮಾವನ ಮೋಟಾರ್ ಸೈಕಲ್ಲು

ಕಳೆದ ಭಾನುವಾರ ಬೆಳಿಗ್ಗೆ ಉತ್ತರಪತ್ರಿಕೆಗಳ ರಾಶಿಯಲ್ಲಿ ಮುಳುಗಿದ್ದಾಗ ಇಬ್ಬರು ತರುಣರು ಗೇಟಿನ ಬಳಿ ಬಂದು ನಿಂತರು. ಹಳೆಯ ವಿದ್ಯಾರ್ಥಿಗಳಿರಬೇಕೆಂದು ಅಧ್ಯಾಪಕನಿಗೊಪ್ಪುವ ಒಂದು ನಗೆಯನ್ನು ಧರಿಸಿ ಹೊರಗೆ ಹೋದೆ. ಅವರ ಕಣ್ಣು ನನ್ನ ಮೇಲಿರಲಿಲ್ಲ. ನನ್ನ ಹಿಂದೆ, ಜಗಲಿಯ ಪಕ್ಕದಲ್ಲಿ ಗೋಣಿತಾಟು ಹೊದ್ದು ನಿಂತಿದ್ದ ಯಮಹಾ ಆರ್‌ಎಕ್ಸ್ 100ರ ಮೇಲಿತ್ತು. ತಾಟಿನ ಕೆಳಗೆ ಇಣುಕುತ್ತಿದ್ದ ಅರ್ಧ ಚಕ್ರವನ್ನು ಕಂಡೇ ಅವರು ಅದರ ಕುಲಗೋತ್ರವನ್ನು ಹೇಳಿಬಿಟ್ಟರು. "ಕೊಡ್ತೀರಾ ಸಾರ್?" ಎಂದು ಅವರು ನುಡಿದ ಬೆಲೆ, ನನ್ನ ಸೋದರಮಾವ 1992ರಲ್ಲಿ ಅದನ್ನು ಹೊಸದಾಗಿ ಕೊಂಡಾಗ ಕೊಟ್ಟದ್ದರ ಎಷ್ಟೋ ಪಟ್ಟು. ಇಪ್ಪತ್ತು ವರ್ಷಗಳಿಂದ ನಾನು ಹಳಗನ್ನಡವನ್ನು ಕಲಿಸುತ್ತಿದ್ದೇನೆ. ಹಳೆಯದೊಂದಕ್ಕೆ ಇಷ್ಟು ಬೆಲೆ ಬಂದದ್ದನ್ನು ಕಂಡದ್ದು ಅದೇ ಮೊದಲು.

ಈ ಗಾಡಿಯಲ್ಲಿ ಅಂಥದೇನಿದೆ? ಕಾಗದದ ಮೇಲೆ ಹೆಚ್ಚೇನೂ ಇಲ್ಲ. 98 ಸಿ.ಸಿ.ಯ ಒಂದೇ ಸಿಲಿಂಡರು, ನಾಲ್ಕು ಗೇರು, ಹನ್ನೊಂದು ಕುದುರೆಗಳ ಶಕ್ತಿ. ತೂಕ ಮಾತ್ರ ಸುಮಾರು ನೂರು ಕಿಲೋ, ಅಷ್ಟೆ. ಹನ್ನೊಂದು ಕುದುರೆಗಳನ್ನು ಇಷ್ಟು ಹಗುರವಾದ ಜಟಕಾಕ್ಕೆ ಹೂಡಿದರೆ ಏನಾಗುತ್ತದೆಂಬುದನ್ನು ಹಿಂದೆ ಕುಳಿತು ಹೋದವರು ಬಲ್ಲರು. ನಾನು ಹೈಸ್ಕೂಲಿನ ಹುಡುಗನಾಗಿದ್ದಾಗ ಮಾವ ಒಮ್ಮೆ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. ಗಾಡಿ ಹೊರಟಿತು, ನನ್ನ ಟೋಪಿ ಮಾತ್ರ ಹೊರಟ ಸ್ಥಳದಲ್ಲೇ ಉಳಿಯಿತು.

ಮೈಸೂರಿನಲ್ಲಿ ಅದನ್ನು ಕೊಳ್ಳುವುದು ಆಗ ಒಂದು ಬಗೆಯ ಸ್ವಾಮಿದ್ರೋಹವಾಗಿತ್ತು. ಯಾದವಗಿರಿಯ ಕಾರ್ಖಾನೆಯಲ್ಲಿ ನಮ್ಮವರ ಕೈಯಿಂದಲೇ ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿದ್ದ ಊರು ಇದು. ಜಾವಾದ ತವರು ಚೆಕ್ ದೇಶವೆಂಬುದನ್ನು ನಾವು ಎಂದೋ ಮರೆತಿದ್ದೆವು. ಮಾವನ ಅಣ್ಣ ಅಪ್ಪಟ ಯೆಜ್ಡಿ ಪಕ್ಷದವರು. ತಮ್ಮನ ಗಾಡಿಯನ್ನು ಅವರು ಕಡೆಯವರೆಗೂ "ಆ ಜಪಾನಿ ಸೊಳ್ಳೆ" ಎಂದೇ ಕರೆದರು. ವಿಧಿಯ ವಿನೋದವೆಂದರೆ, ಯಾದವಗಿರಿಯ ಕಾರ್ಖಾನೆ ಬಾಗಿಲು ಹಾಕಿದ್ದೂ, 1985ರಿಂದ ನಮ್ಮ ದೇಶದಲ್ಲಿ ಹೊರಬರುತ್ತಿದ್ದ ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದೂ ಒಂದೇ ವರ್ಷ, 1996ರಲ್ಲಿ. ಅನಂತರ ಹುಟ್ಟಿದ ಮಕ್ಕಳೇ ಇಂದು ಅದಕ್ಕಾಗಿ ಊರೂರು ಅಲೆಯುತ್ತಿರುವವರು. ಅದರ ಹೆಸರನ್ನು ಹೊತ್ತು ಕನ್ನಡದಲ್ಲೊಂದು ಚಲನಚಿತ್ರ ಬಂತು, ತೆಲುಗಿನಲ್ಲೊಂದು ಬಂತು.

ವೇಗವೇ ಕಾರಣವೆಂದರೆ ನಾನು ಒಪ್ಪಲಾರೆ. ಇದನ್ನು ಹಿಂದಿಕ್ಕುವ ಗಾಡಿಗಳು ಈಗ ಬೀದಿಗೊಂದು. ನನಗೆ ತೋರುವ ಮಟ್ಟಿಗೆ ಗುಟ್ಟಿರುವುದು ಅದರ ದನಿಯಲ್ಲಿ. ಇಂದಿನ ಬಹುತೇಕ ಎಂಜಿನ್ನುಗಳು ಎರಡು ಸುತ್ತಿಗೊಮ್ಮೆ ಉರಿಯುತ್ತವೆ. ಇದು ಸುತ್ತು ಸುತ್ತಿಗೂ ಉರಿಯುತ್ತದೆ. ತನ್ನ ಪೂರ್ಣ ಶಕ್ತಿಯನ್ನು ತೋರುವಾಗ ನಿಮಿಷಕ್ಕೆ 7500 ಸುತ್ತು, ಎಂದರೆ ಸೆಕೆಂಡಿಗೆ 125 ಮಿಡಿತ. ಭೌತಶಾಸ್ತ್ರದ ಗೆಳೆಯರೊಬ್ಬರು ಲೆಕ್ಕ ಹಾಕಿ ಹೇಳಿದರು: ಗಂಡಸು ಮಾತನಾಡುವಾಗ ಅವನ ಗಂಟಲು ಕಂಪಿಸುವುದೂ ಹೆಚ್ಚುಕಡಿಮೆ ಇಷ್ಟೇ ಸಲವಂತೆ. ಅಂದಿನಿಂದ ನನಗೆ ಅದನ್ನು ಸದ್ದು ಎನ್ನಲು ಮನಸ್ಸು ಬಾರದು.

ಈ ಕಂಪನಿಯ ಮೂಲವೂ ಸಂಗೀತವೇ. 1887ರಲ್ಲಿ ಜಪಾನಿನ ಹಮಮತ್ಸು ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಕೆಟ್ಟು ಕುಳಿತಿದ್ದ ಒಂದು ಆರ್ಗನ್ನನ್ನು ಟೊರಾಕುಸು ಯಮಹಾ ಎಂಬಾತ ರಿಪೇರಿ ಮಾಡಿದ. ಆಮೇಲೆ ತಾನೇ ಆರ್ಗನ್ನುಗಳನ್ನು ಕಟ್ಟತೊಡಗಿದ. ನಮ್ಮ ನಾಟಕ ಕಂಪನಿಗಳ ಹಾರ್ಮೋನಿಯಮ್ಮಿಗೆ ಆ ವಾದ್ಯ ದಾಯಾದಿ. ಎರಡರ ಹೊಟ್ಟೆಯಲ್ಲೂ ಇರುವುದು ರೀಡು. ಅವನ ಉತ್ತರಾಧಿಕಾರಿಗಳು 1955ರಲ್ಲಿ ಮೊದಲ ಮೋಟಾರ್ ಸೈಕಲ್ಲನ್ನು ಹೊರತಂದರು. ಕೆಂಪುಬಣ್ಣದ ಆ ತೆಳ್ಳನೆಯ ಗಾಡಿಗೆ ಅಲ್ಲಿನ ಜನ ಏರೋಪ್ಲೇನ್ ಚಿಟ್ಟೆಯ ಹೆಸರಿಟ್ಟರು. ಅದೇ ವರ್ಷ ಅದು ಫ್ಯೂಜಿ ಪರ್ವತವನ್ನೇರುವ ಪಂದ್ಯವನ್ನು ಗೆದ್ದಿತು. ಇಂದಿಗೂ ಯಮಹಾದ ಲಾಂಛನ ಒಂದರ ಮೇಲೊಂದು ಅಡ್ಡಲಾಗಿಟ್ಟ ಮೂರು ಶ್ರುತಿಕವೆಗಳು. ಮಾವನ ಗಾಡಿಯ ಎಂಜಿನ್ನಿನಲ್ಲಿಯೂ ರೀಡು ಇದೆಯೆಂದು ಮೆಕ್ಯಾನಿಕ್ಕು ಬಿಚ್ಚಿ ತೋರಿಸಿದಾಗ ನಾನು ಮಗುವಿನಂತೆ ಹಿಗ್ಗಿದೆ. ಆದರೆ ಈ ರೀಡು ಹಾಡುವುದಿಲ್ಲ, ಬಾಗಿಲು ಕಾಯುತ್ತದೆ: ಗಾಳಿ ಪೆಟ್ರೋಲುಗಳನ್ನು ಒಳಕ್ಕೆ ಬಿಟ್ಟು, ಹಿಂದಕ್ಕೆ ಹೋಗದಂತೆ ಮುಚ್ಚಿಕೊಳ್ಳುತ್ತದೆ. ಹಾಡುವ ಕೆಲಸ ಸೈಲೆನ್ಸರಿನದು. (ಅದರ ಒಳಗಿನದನ್ನೆಲ್ಲ ಕಿತ್ತೆಸೆದು ಬೀದಿಯ ನಿದ್ದೆ ಕೆಡಿಸುವ ಪುಣ್ಯಾತ್ಮರಿದ್ದಾರೆ, ಅವರು ಗಾಡಿಯ ಪ್ರೇಮಿಗಳಲ್ಲ, ಗದ್ದಲದ ಪ್ರೇಮಿಗಳು.)

ಇಷ್ಟು ಹೊಗಳಿದ ಮೇಲೆ ಹೊಗೆಯ ಮಾತನ್ನೂ ಆಡಬೇಕು. ಪೆಟ್ರೋಲಿನ ಜೊತೆಗೆ ಎಣ್ಣೆಯನ್ನೂ ಸುಡುವ ಯಂತ್ರ ಇದು. ಸುಡದೆ ಉಳಿದ ಪೆಟ್ರೋಲಿನ ಒಂದಂಶವನ್ನು ಹಾಗೆಯೇ ಬೀದಿಗೆ ಉಗುಳುತ್ತದೆ. ಆ ನೀಲಿ ಹೊಗೆಯ ವಾಸನೆ ನನಗೆ ಬಾಲ್ಯ. ನನ್ನ ಮಗಳಿಗೆ ಕೆಮ್ಮು. ಸರ್ಕಾರ ಹೊಗೆಯ ನಿಯಮಗಳನ್ನು ಬಿಗಿಮಾಡಿ ಈ ಜಾತಿಯ ಎಂಜಿನ್ನುಗಳ ದಾರಿ ಮುಚ್ಚಿದ್ದು ತಪ್ಪೆಂದು ನಾನು ಹೇಳಲಾರೆ. ಆದ್ದರಿಂದಲೇ ವಾರಕ್ಕೊಮ್ಮೆ, ಮಗಳು ಶಾಲೆಗೆ ಹೋದ ಮೇಲೆ, ಐದು ನಿಮಿಷ ಮಾತ್ರ ಸ್ಟಾರ್ಟ್ ಮಾಡಿ ನಿಲ್ಲಿಸುತ್ತೇನೆ.

ಮಾವ ನಂಜನಗೂಡಿನ ಕಡೆ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟರು. ದಿನವೂ ಮೈಸೂರಿನಿಂದ ಹೋಗಿಬರುತ್ತಿದ್ದರು. ಸಂಜೆ ಐದೂಕಾಲಕ್ಕೆ ಗಾಡಿ ನಮ್ಮ ರಸ್ತೆಯ ತಿರುವಿಗೆ ಬರುತ್ತಿತ್ತು. ಅಲ್ಲಿ ಮಾವ ಗೇರು ಇಳಿಸಿದಾಗ ಟಿಣ್ ಟಿಣ್ ಎಂದು ದನಿ ಬದಲಾಗುತ್ತಿತ್ತು. ಅದನ್ನು ಕೇಳಿಯೇ ಅತ್ತೆ ಹಾಲನ್ನು ಒಲೆಯ ಮೇಲಿಡುತ್ತಿದ್ದರು. ಮಾವ ಚಪ್ಪಲಿ ಬಿಟ್ಟು ಕಾಲು ತೊಳೆದು ಬರುವಷ್ಟರಲ್ಲಿ ಲೋಟದಲ್ಲಿ ಕಾಫಿ. ಬೀದಿಯಲ್ಲಿ ಇನ್ನೂ ಎರಡು ಅದೇ ಗಾಡಿಗಳಿದ್ದ ಕಾಲದಲ್ಲಿಯೂ ಅತ್ತೆ ಒಮ್ಮೆಯೂ ಮೋಸಹೋಗಲಿಲ್ಲ. ಹಾಗೆಂದು ಗಾಡಿಯ ಮೇಲೆ ಅವರಿಗೆ ಪ್ರೀತಿಯಿತ್ತೆಂದಲ್ಲ. ಒಗೆದ ಬಟ್ಟೆಗೆಲ್ಲ ಎಣ್ಣೆಯ ಕಮಟು ಹತ್ತಿಸುತ್ತದೆಂದು ಗೊಣಗುತ್ತಲೇ ಇದ್ದರು.

ಮಾವ ಹೋಗಿ ಆರು ವರ್ಷವಾಯಿತು. ಅತ್ತೆ ಒಬ್ಬರೇ ಇರಬಾರದೆಂದು ನಾವೇ ಅವರ ಮನೆಗೆ ಬಂದು ಸೇರಿದೆವು. ಬಂದ ಹೊಸದರಲ್ಲಿ ಒಂದು ಸಂಜೆ, ಕಾಲೇಜಿನಿಂದ ಬಂದವನು, ನಿಂತೇ ಇದ್ದ ಗಾಡಿಯನ್ನು ಏನೋ ಹುಮ್ಮಸ್ಸಿನಲ್ಲಿ ಒದ್ದು ಸ್ಟಾರ್ಟ್ ಮಾಡಿ, ತಿರುವಿನವರೆಗೆ ಹೋಗಿ ಬಂದೆ. ಒಳಗೆ ಬಂದಾಗ ಹಾಲು ಒಲೆಯ ಮೇಲಿತ್ತು. ಅತ್ತೆ ಒಲೆಯ ಮುಂದೆ ನಿಂತಿದ್ದರು. ಹಾಲು ಉಕ್ಕಿ ಹರಿಯುತ್ತಿತ್ತು, ಅವರು ಆರಿಸಿರಲಿಲ್ಲ. ನಾನೇ ಆರಿಸಿದೆ. ಬಹಳ ಹೊತ್ತಾದ ಮೇಲೆ, "ಯಾವಾಗ ಬೇಕಾದರೂ ಸ್ಟಾರ್ಟ್ ಮಾಡಿಕೊಳ್ಳಪ್ಪ, ಈ ಹೊತ್ತಿಗೆ ಮಾತ್ರ ಬೇಡ" ಎಂದರು.

ಭಾನುವಾರ ಬಂದ ತರುಣರನ್ನು ಜಗಲಿಯಲ್ಲಿ ಕೂರಿಸಿ ಒಳಗೆ ಹೋಗಿ ಸಂಗತಿಯನ್ನು ತಿಳಿಸಿದೆ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ತಲೆಯೆತ್ತದೆ, "ಕೊಡೋದಾದರೆ ಕೊಡು. ತುಕ್ಕು ಹಿಡಿಸಿ ಏನು ಮಾಡ್ತೀಯ? ಈ ಊರಿನವರಿಗೆ ಮಾತ್ರ ಕೊಡಬೇಡ" ಎಂದರು.

ಹೊರಗೆ ಬಂದು, ಎಲ್ಲಿಯವರಪ್ಪಾ ನೀವು ಎಂದು ಕೇಳಿದೆ. "ಇಲ್ಲೇ ಸಾರ್, ನಿಮ್ಮ ಹಿಂದಿನ ರಸ್ತೆ" ಎಂದರು.