ಎಲಿಫ್ ಅಂದ್ರೆ ಒಂದು ಗೆರೆ

ಇಂಟರ್ನಲ್ಸ್ ಹಿಂದಿನ ರಾತ್ರಿ ಸಿಲಬಸ್ ಬಿಟ್ಟು ಬೇರೆಲ್ಲದರ ಮೇಲೂ ಆಸಕ್ತಿ ಹುಟ್ಟುತ್ತಲ್ಲ, ನನಗೆ ರೂಮ್‌ಮೇಟ್ ಟೇಬಲ್ ಮೇಲಿದ್ದ ಕಾದಂಬರಿ ಮೇಲೆ ಹುಟ್ಟಿತು. ಬರೆದವರು ಟರ್ಕಿಯ ಎಲಿಫ್ ಶಫಾಕ್. ಎಲಿಫ್ ಅಂದ್ರೇನು ಅಂತ ಹುಡುಕಿದೆ.

ಎಲಿಫ್ ಅಂದ್ರೆ ಒಂದು ಅಕ್ಷರ! ಉರ್ದು ಕಲಿಯೋ ಮಕ್ಕಳು 'ಅಲಿಫ್, ಬೇ' ಅಂತ ಶುರು ಮಾಡ್ತಾರಲ್ಲ, ಅದೇ ಅಲಿಫ್. ಅರಬ್ಬಿ ವರ್ಣಮಾಲೆಯ ಮೊದಲ ಅಕ್ಷರ. ಟರ್ಕಿಯವರ ಬಾಯಲ್ಲಿ ಅದು ಎಲಿಫ್ ಆಗಿದೆ. ನೋಡೋಕೆ ನೆಟ್ಟಗೆ ನಿಂತ ಒಂದು ಗೆರೆ ಅಷ್ಟೇ. ಅದಕ್ಕೇ ಹುಡುಗಿಗೆ ಈ ಹೆಸರಿಟ್ಟರೆ ತೆಳ್ಳಗೆ, ನೀಳವಾಗಿರುವವಳು ಅನ್ನೋ ಅರ್ಥವೂ ಬರುತ್ತೆ. ಅಕ್ಷರಗಳಿಗೆ ಅಂಕೆ ಕೊಡುವ ಹಳೇ ಅರಬ್ಬಿ ಪದ್ಧತಿಯಲ್ಲಿ ಇದರ ಬೆಲೆ 1. 'ಅಲ್ಲಾಹ್' ಅನ್ನೋ ಪದ ಶುರುವಾಗೋದೂ ಇದರಿಂದಲೇ. ಹಾಗಾಗಿ ಸೂಫಿಗಳಿಗೆ ಇದು ದೇವರು ಒಬ್ಬನೇ ಅನ್ನೋದರ ಗುರುತು. ಅಕ್ಷರ ಬಾರದವನ ಬಗ್ಗೆ ಟರ್ಕಿಶ್‌ನಲ್ಲಿ ಒಂದು ಗಾದೆ ಇದೆ: ಅವನು ಎಲಿಫ್ ಕಂಡರೂ ಮರದ ತೊಲೆ ಅಂದ್ಕೊಳ್ತಾನಂತೆ.

ಮುಂದಿನ ವಿಷಯ ಓದಿ ನನಗೆ ನಿದ್ದೆ ಬರಲಿಲ್ಲ. 1928ರ ನವೆಂಬರ್ 1ರಂದು (ಹೌದು, ನಮ್ಮ ರಾಜ್ಯೋತ್ಸವದ ದಿನಾಂಕವೇ) ಟರ್ಕಿಯ ಸಂಸತ್ತು ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿ ತರುವ ಕಾನೂನು ಮಾಡಿತು. ಆಗಿನ ಅಧ್ಯಕ್ಷ ಮುಸ್ತಫಾ ಕೆಮಾಲ್ ತಾವೇ ಬೋರ್ಡ್ ಮುಂದೆ ನಿಂತು ಹೊಸ ಅಕ್ಷರ ತೋರಿಸೋ ಫೋಟೋ ಇದೆ. ಹೊಸ ಲಿಪಿ ಕಲಿಯೋದು ಸುಲಭ, ಸಾಕ್ಷರತೆಯೂ ಹೆಚ್ಚಿತು. ಆದ್ರೆ ಅದರ 29 ಅಕ್ಷರಗಳಲ್ಲಿ ಎಲಿಫ್ ಇಲ್ಲ. ಅಕ್ಷರ ಹೋಯ್ತು, ಹೆಸರು ಉಳಿಯಿತು. ಇವತ್ತಿಗೂ ಅಲ್ಲಿ ಎಷ್ಟೋ ಹುಡುಗಿಯರ ಹೆಸರು ಎಲಿಫ್. ಆದ್ರೆ ಮುತ್ತಜ್ಜನ ಗೋರಿ ಕಲ್ಲಿನ ಮೇಲೆ ಏನು ಬರೆದಿದೆ ಅಂತ ಅವರಲ್ಲಿ ಹೆಚ್ಚಿನವರಿಗೆ ಓದೋಕೆ ಬರಲ್ಲ.

ಅಯ್ಯೋ ಪಾಪ ಅನ್ನೋಷ್ಟರಲ್ಲಿ ನಮ್ಮ ಅಜ್ಜಿ ನೆನಪಾದರು.

ಕಳೆದ ರಜೆಯಲ್ಲಿ ಅಜ್ಜಿ ಟ್ರಂಕಿನಿಂದ ಒಂದು ಹಳೇ ಇನ್‌ಲ್ಯಾಂಡ್ ಲೆಟರ್ ತೆಗೆದರು. ಅಜ್ಜ ಬರೆದಿದ್ದು. "ನಂಗೆ ಕಣ್ಣು ಕಾಣಲ್ಲ, ಓದಿ ಹೇಳು ಮಗಾ" ಅಂದ್ರು. ನಾನು ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ, ಕನ್ನಡ ಥರ್ಡ್ ಲ್ಯಾಂಗ್ವೇಜ್. ಅಚ್ಚಾಗಿರೋದನ್ನ ಹೇಗೋ ಓದ್ತೀನಿ. ಅಜ್ಜನ ಕೈಬರಹದಲ್ಲಿ ಒತ್ತಕ್ಷರ ಯಾವುದು, ಮುಂದಿನ ಸಾಲಿನ ಅಕ್ಷರ ಯಾವುದು ಅಂತಾನೇ ಗೊತ್ತಾಗಲಿಲ್ಲ. ನಾಲ್ಕು ಸಾಲು ತಡವರಿಸಿದೆ. "ಇರ್ಲಿ ಬಿಡು, ನಿಮ್ಮಮ್ಮ ಬರ್ಲಿ" ಅಂತ ಅಜ್ಜಿ ಪತ್ರ ಮಡಚಿಟ್ಟರು. ಬೈದಿದ್ರೆ ಪರವಾಗಿರಲಿಲ್ಲ.

ಅಲ್ಲಿ ಒಂದು ಕಾನೂನು ಬಂದು ಲಿಪಿ ಬದಲಾಯಿತು. ನನ್ನ ಲಿಪಿಯನ್ನ ಯಾರೂ ಕಿತ್ಕೊಂಡಿಲ್ಲ. ಬಸ್ ಬೋರ್ಡಿನಿಂದ ಹಾಲಿನ ಪ್ಯಾಕೆಟ್‌ವರೆಗೆ ಕಣ್ಣೆದುರೇ ಇದೆ.

ಎಲಿಫ್ ಜಾಗಕ್ಕೆ ಬಂದ ಲ್ಯಾಟಿನ್ 'ಎ' ಕೂಡ ಅದರ ಬಂಧುವೇ ಅಂತ ಆಮೇಲೆ ಗೊತ್ತಾಯ್ತು. ಫಿನೀಷಿಯನ್ನರ ಆಲೆಫ್ ಅಂದ್ರೆ ಎತ್ತು. ಅದರಿಂದಲೇ ಒಂದು ಕಡೆ ಅಲಿಫ್, ಇನ್ನೊಂದು ಕಡೆ ನಾವು ದಿನಾ ಈಕ್ವೇಶನ್‌ನಲ್ಲಿ ಬರೆಯೋ ಆಲ್ಫಾ, ಅದರಿಂದ 'ಎ'. 'ಎ' ತಲೆಕೆಳಗು ಮಾಡಿ ನೋಡಿ, ಕೊಂಬು ಕಾಣುತ್ತೆ.

ಈ ಬರಹವನ್ನ ಮೊದಲು ಕೈಯಲ್ಲೇ ಬರೆದೆ. ಎರಡು ಸಂಜೆ ಹಿಡೀತು. ಸೆಮ್ ರಜೆಗೆ ಹೋದಾಗ ಅಜ್ಜಿ ಹತ್ರ ಆ ಪತ್ರ ಮತ್ತೆ ಕೇಳ್ತೀನಿ. ಅಮ್ಮ ಬರೋ ಮುಂಚೆ.