ಏನು ಇಪ್ಪತ್ತು?

ಹೈಸ್ಕೂಲಲ್ಲಿ ನಮಗೆ ಭೌತಶಾಸ್ತ್ರ ಹೇಳಿಕೊಡ್ತಿದ್ದ ಮೇಷ್ಟ್ರದ್ದು ಒಂದೇ ಹಠ. ಲೆಕ್ಕ ಪೂರ್ತಿ ಸರಿ ಇದ್ರೂ ಉತ್ತರದ ಮುಂದೆ ಏಕಮಾನ ಬರೆದಿಲ್ಲ ಅಂದ್ರೆ ಅರ್ಧ ಅಂಕ ಕಟ್! ಅವತ್ತು ನ್ಯೂಟನ್ನನ ಎರಡನೇ ನಿಯಮದ ಪಾಠ. 10 ಕೆ.ಜಿ. ರಾಶಿಯ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 2 ಮೀಟರ್‌ನಷ್ಟು ಹೆಚ್ಚಬೇಕಾದ್ರೆ ಎಷ್ಟು ಬಲ ಬೇಕು? ರಾಶಿ ಗುಣಿಸು ವೇಗೋತ್ಕರ್ಷ. ಎದ್ದು ನಿಂತು "ಇಪ್ಪತ್ತು ಸಾರ್" ಅಂದೆ.

"ಏನು ಇಪ್ಪತ್ತು? ಬದನೆಕಾಯಾ?"

ಇಡೀ ಕ್ಲಾಸು ನಕ್ಕಿತು. "ಇಪ್ಪತ್ತು ನ್ಯೂಟನ್ ಅನ್ನು. ಏಕಮಾನ ಇಲ್ಲದ ಸಂಖ್ಯೆಗೆ ಮಾನ ಇಲ್ಲ ಕಣೋ" ಅಂದ್ರು. ಆಗ ಬರೀ ಸಿಟ್ಟು ಬಂದಿತ್ತು. ಆ ಮಾತು ಅರ್ಥವಾಗಿದ್ದು ಎಷ್ಟೋ ವರ್ಷಗಳ ಮೇಲೆ...

ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ 20 ಯೂನಿಟ್ ಇನ್ಸುಲಿನ್. ಸಿರಿಂಜ್ ತರೋದು ನನ್ನ ಕೆಲಸ. ಒಂದ್ಸಲ ಕೆಂಪು ಮುಚ್ಚಳದ್ದರ ಬದಲು ಕಿತ್ತಳೆ ಮುಚ್ಚಳದ್ದು ತಂದೆ. ಬಣ್ಣ ತಾನೇ, ಏನೀಗ ಅಂದ್ಕೊಂಡೆ. ಅಮ್ಮ ಎಂದಿನಂತೆ 20ರ ಗೆರೆವರೆಗೆ ಎಳೆದು ಚುಚ್ಚಿಕೊಳ್ತಿದ್ಲು. ಸಕ್ಕರೆ ಏರುತ್ತಲೇ ಹೋಯ್ತು. ಕದ್ದು ಹೋಳಿಗೆ ತಿಂದಿದ್ದೀಯಾ ಅಂತ ಎಲ್ಲರೂ ಅವಳ ಮೇಲೆ ಎಗರಾಡಿದ್ವಿ. "ಇಲ್ವೋ" ಅಂದ್ಲು. ಯಾರೂ ನಂಬಲಿಲ್ಲ.

ಡಾಕ್ಟರು ಸಿರಿಂಜ್ ನೋಡಿದ ಕೂಡಲೇ ಹೇಳಿದ್ರು. ನಮ್ಮ ಬಾಟಲಿಯಲ್ಲಿದ್ದದ್ದು ಒಂದು ಮಿ.ಲೀ.ಗೆ 40 ಯೂನಿಟ್. ಕೆಂಪು ಮುಚ್ಚಳದ್ದು ಅದಕ್ಕೆ. ಕಿತ್ತಳೆಯದ್ದು ಮಿ.ಲೀ.ಗೆ 100 ಯೂನಿಟ್ ಇರೋ ಇನ್ಸುಲಿನ್ನಿಗೆ. ಅದರಲ್ಲಿ 20ರ ಗೆರೆ ಅಂದ್ರೆ 0.2 ಮಿ.ಲೀ. ಅಮ್ಮನ ಮೈಗೆ ಸೇರ್ತಿದ್ದದ್ದು ಬರೀ 8 ಯೂನಿಟ್! ಬಾಟಲಿ 100ರದ್ದಾಗಿ ಸಿರಿಂಜ್ 40ರದ್ದಾಗಿದ್ರೆ 20ರ ಬದಲು 50 ಹೋಗ್ತಿತ್ತು. ನೆನೆಸಿಕೊಂಡ್ರೆ ಈಗಲೂ ಕೈ ನಡುಗುತ್ತೆ.

ಏಕಮಾನ ತಪ್ಪಿದ್ರೆ ದೊಡ್ಡವರ ಗತೀನೂ ಇಷ್ಟೇ. 1999ರಲ್ಲಿ ಮಂಗಳದ ಹತ್ತಿರ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಕೈತಪ್ಪಿ ಹೋಯ್ತಲ್ಲ, ಅದೂ ಹೀಗೇ. ಥ್ರಸ್ಟರ್‌ಗಳ ತಳ್ಳಿನ ಲೆಕ್ಕವನ್ನ ಒಂದು ತಂಡದ ತಂತ್ರಾಂಶ ಪೌಂಡ್ ಬಲದಲ್ಲಿ ಕೊಡ್ತು, ಇನ್ನೊಂದು ತಂಡ ಅದನ್ನ ನ್ಯೂಟನ್ ಅಂದ್ಕೊಳ್ತು. ಒಂದು ಪೌಂಡ್ ಬಲ ಅಂದ್ರೆ ಸುಮಾರು 4.45 ನ್ಯೂಟನ್!

ವಿಜ್ಞಾನಿಗಳೇ ಎಡವಿದ್ರು ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದ್ರೆ ಅವರು ಯಾರೂ ನೌಕೆಗೆ ಬೈಯಲಿಲ್ಲ. ನಾವು ಅಮ್ಮನಿಗೆ ಬೈದಿದ್ವಿ.

ಈಗ ಹೊಸ ಸಿರಿಂಜ್ ತಂದಾಗೆಲ್ಲ ಅಮ್ಮ ಅದನ್ನ ಕಿಟಕಿ ಬೆಳಕಿಗೆ ಹಿಡಿದು ಕೇಳ್ತಾಳೆ: "ಯಾವ ಇಪ್ಪತ್ತೋ ಇದು?"

ನಿಮ್ಮ ಮನೆಯಲ್ಲೂ ಇನ್ಸುಲಿನ್ ತಗೊಳ್ಳೋರಿದ್ರೆ, ಬಾಟಲಿ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಎರಡನ್ನೂ ಇವತ್ತೇ ಒಮ್ಮೆ ಹೋಲಿಸಿ ನೋಡಿಬಿಡಿ.